ಎರಡರಿಂದ ಶುರುವಾಗುವ ಟೇಪು

ಟೇಪಮ್ಮನ ಕೊರಳಲ್ಲಿ ಬಂಗಾರದ ಸರವನ್ನು ಕಂಡವರಿಲ್ಲ. ಅಳತೆಯ ಟೇಪಿಲ್ಲದ ಕೊರಳನ್ನೂ ಕಂಡವರಿಲ್ಲ. ಸ್ವಂತ ಮಗಳ ಮದುವೆಯ ಫೋಟೋದಲ್ಲಿಯೂ, ಹೊಚ್ಚಹೊಸ ರೇಷ್ಮೆಯ ಮೇಲೆ, ಮಾಸಿ ಹಳದಿಯೋ ಕಂದೋ ಎಂದು ಹೇಳಲಾಗದಂತಾದ ಆ ಟೇಪು ಎದೆಯ ಎರಡೂ ಕಡೆ ಇಳಿಬಿದ್ದುಕೊಂಡು ಎಲ್ಲರಿಗಿಂತ ಮುಂದೆ ಕಾಣುತ್ತದೆ. "ಅಮ್ಮಾ, ಇವತ್ತೊಂದು ದಿನ ತೆಗೆದಿಡೇ. ಬೀಗರ ಅಳತೆ ತಗೊಳ್ಳೋಕೆ ಬಂದಿದ್ದಾಳೆ ಅಂದ್ಕೋತಾರೆ" ಎಂದು ಮಗಳು ಗೋಗರೆದಿದ್ದಳಂತೆ. "ತೆಗೆದ್ರೆ ಕತ್ತು ತಣ್ಣಗಾಗುತ್ತೆ ಕಣೇ" ಎಂದು ಹೇಳಿ ತಾಯಿ ಹಾಗೆಯೇ ನಿಂತಳು. ಅದೂ ಎಂಥ ಟೇಪು ಅಂತೀರಿ! ತುದಿಯ ಎರಡಿಂಚು ಎಂದೋ ಸವೆದು ಹರಿದುಹೋಗಿ, ಅಂಕಿಗಳು ಎರಡರಿಂದಲೇ ಶುರುವಾಗುತ್ತವೆ. ಅಳೆದು ಮೂವತ್ತೆಂಟು ಬಂದರೆ ಮೂವತ್ತಾರು ಎಂದು ತಿಳಿಯಬೇಕು. ಈ ಕಳೆಯುವ ಲೆಕ್ಕ ಆಕೆಯ ತಲೆಯಲ್ಲಿ ಉಸಿರಾಟದಷ್ಟು ಸರಾಗವಾಗಿ ನಡೆಯುತ್ತಿತ್ತು, ಹೊಸ ಟೇಪು ಕೊಡಿಸುತ್ತೇವೆ ಎಂದು ಮುಂದೆ ಬಂದವರಿಗೆಲ್ಲ ಆಕೆ, "ಇದಕ್ಕೇನಾಗಿದೆ ಧಾಡಿ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದಳು.

ನಲವತ್ತು ವರ್ಷ ಕಾಲಿನಿಂದ ತುಳಿಯುವ ಹೊಲಿಗೆಯಂತ್ರದ ಮುಂದೆ ಕೂತ ದೇಹ. ಬೆನ್ನು ಕೊಂಚ ಮುಂದಕ್ಕೆ ಬಾಗಿತ್ತು, ನಡೆಯುವಾಗ ಹಿಮ್ಮಡಿಯೂ ಮುಂಗಾಲೂ ಒಂದಾದ ಮೇಲೊಂದು ನೆಲವನ್ನು ಒತ್ತುತ್ತಿದ್ದವು, ಸುಮ್ಮನೆ ನಿಂತು ಮಾತಾಡುವಾಗಲೂ ಬಲಗಾಲು ಮಾತ್ರ ತನ್ನ ಪಾಡಿಗೆ ತುಳಿಯುತ್ತಿರುತ್ತಿತ್ತು. ಜನರನ್ನು ಆಕೆ ಮುಖದಿಂದ ಗುರುತಿಟ್ಟುಕೊಂಡವಳೇ ಅಲ್ಲ. "ಆ ನಲವತ್ತೆರಡು ಎದೆ ಇವತ್ತು ಬರಲಿಲ್ವಾ?" ಎಂದು ಕೇಳಿದರೆ ಅದು ಡಾಕ್ಟರನ್ನು ಕುರಿತದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಮಾತಿಗೊಮ್ಮೆ, "ಒಂದಿಂಚು ಒಳಗಿರಲಿ" ಎನ್ನುವುದು ಆಕೆಯ ರೂಢಿ. ಬಟ್ಟೆ ಹೊಲಿಯುವಾಗ ಅಂಚಿನಲ್ಲಿ ಒಂದಿಂಚು ಒಳಗೆ ಮಡಚಿಟ್ಟಿದ್ದರೆ ನಾಳೆ ಮೈ ಬಂದಾಗ ಬಿಚ್ಚಿ ಅಗಲ ಮಾಡಬಹುದಲ್ಲ, ಆ ವಿವೇಕವನ್ನು ಆಕೆ ಲೋಕದ ಸಕಲ ವ್ಯವಹಾರಕ್ಕೂ ವಿಸ್ತರಿಸಿಬಿಟ್ಟಿದ್ದಳು. ಗಂಡಹೆಂಡಿರ ಜಗಳವಿರಲಿ, ಸಾರಿಗೆ ಹಾಕುವ ಉಪ್ಪಿರಲಿ, ಯಾರಿಗಾದರೂ ಕೊಡುವ ಮಾತಿರಲಿ, ಒಂದಿಂಚು ಒಳಗಿರಲೇಬೇಕು.

ಆಕೆ ಕೆಲಸ ಮಾಡುತ್ತಿದ್ದದ್ದು ಮರೆವಿನ ಕಾಯಿಲೆಯವರಿಗೆಂದೇ ಕಟ್ಟಿಸಿದ ಒಂದು ಮನೆಯಲ್ಲಿ. ವೈದ್ಯರು ಡಿಮೆನ್ಷಿಯಾ ಎಂದು ಕರೆಯುವ ಆ ವ್ಯಾಧಿಗೆ ಸಿಕ್ಕ ಮೂವತ್ತೆಂಟು ಮಂದಿ ಅಲ್ಲಿ ವಾಸವಾಗಿದ್ದರು. ಅಡ್ಡಾಡುವವರಿಗೆ ಎಲ್ಲಿಯೂ ಗೋಡೆ ಅಡ್ಡ ಬಂದು ದಿಕ್ಕು ತಪ್ಪಬಾರದೆಂದು ಅಲ್ಲಿನ ಮೊಗಸಾಲೆಯನ್ನು ಸುತ್ತಿಕೊಂಡು ಹೊರಟಲ್ಲಿಗೇ ಬರುವಂತೆ ಕಟ್ಟಿದ್ದರು. ಕಪ್ಪು ಚಾಪೆ ಹಳ್ಳದಂತೆ ಕಂಡು ಹೆದರಿಸುತ್ತದೆಂದು ನೆಲವೆಲ್ಲ ಒಂದೇ ಬಣ್ಣ. ಒಬ್ಬೊಬ್ಬರ ಬಾಗಿಲಿಗೂ ಒಂದೊಂದು ಬಣ್ಣ. ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೆ ತಾಗಿಕೊಂಡು, ಸೋಪಿನ ಹಬೆಯೂ ಇಸ್ತ್ರಿಯ ಬಿಸಿಯೂ ಸೇರಿದ ಒಂದು ಪುಟ್ಟ ಕೋಣೆ ಟೇಪಮ್ಮನದು. ಅಲ್ಲಿ ಆಕೆ ಹೊಲಿಯುತ್ತಿದ್ದ ಬಟ್ಟೆಗಳೇ ಬೇರೆ. ಮುಂದೆ ಸಾಲಾಗಿ ಗುಂಡಿಗಳಿದ್ದರೂ ನಿಜವಾಗಿ ಬೆನ್ನ ಕಡೆಯಿಂದ ತೊಡಿಸುವ ಅಂಗಿಗಳು, ಬೆಲ್ಟಿನಂತೆ ಕಾಣುವ ಎಲಾಸ್ಟಿಕ್ಕಿನ ಪ್ಯಾಂಟುಗಳು. "ಬೇರೆಯವರು ತೊಡಿಸಿದ್ರೂ ತಾವೇ ತೊಟ್ಕೊಂಡ ಹಾಗೆ ಕಾಣಬೇಕು, ಅಷ್ಟೇ" ಎಂಬುದು ಆಕೆಯ ವಿವರಣೆ. ಜೇಬುಗಳ ವಿಷಯದಲ್ಲಂತೂ ಆಕೆಯದು ದೊಡ್ಡ ಸಂಶೋಧನೆ. ಚಮಚ ಬಚ್ಚಿಡುವ ನಿವೃತ್ತ ನ್ಯಾಯಾಧೀಶರಿಗೆ ಉದ್ದನೆಯ ಜೇಬು, ಬಿಸ್ಕತ್ತು ತುಂಬಿಕೊಳ್ಳುವ ಅಜ್ಜಿಗೆ ಒಳಗೆ ಪ್ಲಾಸ್ಟಿಕ್ ಹಚ್ಚಿದ ಜೇಬು, ಏನನ್ನೂ ಬಚ್ಚಿಡದೆ ಕೈಯನ್ನಷ್ಟೇ ಒಳಗಿಟ್ಟುಕೊಳ್ಳುವವರಿಗೆ ಮೆತ್ತನೆಯ ಬಟ್ಟೆಯ ಜೇಬು.

ಇಷ್ಟೆಲ್ಲ ಮಾಡುತ್ತಿದ್ದವಳಿಗೆ ಹೆಮ್ಮೆಯಿದ್ದದ್ದು ಮಾತ್ರ ಒಂದೇ ಸಂಗತಿಯ ಬಗ್ಗೆ: ತನ್ನ ಹೊಲಿಗೆ ನೆಟ್ಟಗಿರುತ್ತದೆ ಎಂಬುದು. ಗೆರೆ ಎಳೆಯದೆ, ಗುರುತು ಹಾಕದೆ, ಒಂದು ಮೀಟರಿನ ಪರದೆಯ ಅಂಚನ್ನು ಆಕೆ ಹೊಲಿದರೆ ಅಡಿಪಟ್ಟಿ ಇಟ್ಟು ನೋಡಿದರೂ ಒಂದು ಎಳೆ ಆಚೀಚೆ ಆಗಿರುತ್ತಿರಲಿಲ್ಲ. ಅದನ್ನು ಕಲಿಸಿದ ಗುರುವಿನ ಮಾತೆತ್ತಿದರೆ ಮಾತ್ರ ಆಕೆಯ ಬಲಗಾಲು ತುಳಿಯುವುದನ್ನು ನಿಲ್ಲಿಸುತ್ತಿತ್ತು.

ಹದಿನೈದನೆಯ ವಯಸ್ಸಿಗೆ ಆಕೆ ಪೇಟೆಯ ಬೀದಿಯ ಒಂದು ದರ್ಜಿ ಅಂಗಡಿಗೆ ಕೆಲಸಕ್ಕೆ ಸೇರಿದಳು. ಅಂಗಡಿಯ ಮಾಸ್ಟರು ತೆಳ್ಳಗಿನ ಎತ್ತರದ ಆಳು. ಬೇಸಿಗೆಯಲ್ಲೂ ಕಪ್ಪು ಕೋಟು ಕಳಚುತ್ತಿರಲಿಲ್ಲ, ಹೊಲಿಯುವವನ ಮೈಮೇಲಿನ ಬಟ್ಟೆಯೇ ಅವನ ಬೋರ್ಡು ಎನ್ನುವ ಸಿದ್ಧಾಂತ. ಅವರ ಎಡಗಡೆ ಒಂದು ಬುಟ್ಟಿ, ಬಲಗಡೆ ಇಸ್ತ್ರಿಯ ಮೇಜು. ಶಿಷ್ಯರು ಹೊಲಿದದ್ದನ್ನು ತೊಡೆಯ ಮೇಲೆ ಹರವಿಕೊಂಡು, ಹೆಬ್ಬೆರಳಿನ ಉಗುರನ್ನು ಹೊಲಿಗೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಎಳೆಯುವರು. ಉಗುರು ಎಲ್ಲಿ ತಡೆಯಿತೋ ಅಲ್ಲಿಂದ ಬಿಚ್ಚಿ ಎಡಗಡೆ ಎಸೆಯುವರು. ತಡೆಯದಿದ್ದರೆ ಒಂದು ಮಾತೂ ಆಡದೆ ಬಲಗಡೆ ಇಡುವರು. ಹೊಗಳಿಕೆ ಎಂದರೆ ಅಷ್ಟೇ, ಬಲಗಡೆ ಹೋಗುವುದು. ಏಳು ವರ್ಷದಲ್ಲಿ ಈ ಹುಡುಗಿಯ ಬಟ್ಟೆ ಒಂದು ಸಲವಾದರೂ ಬಿಚ್ಚಿಸಿಕೊಳ್ಳದೆ ಬಲಗಡೆ ಹೋದದ್ದಿಲ್ಲ. ಕಡೆಗೆ ಒಂದು ಮಧ್ಯಾಹ್ನ, ಗಿರಾಕಿಯ ಎದುರಿಗೇ ಒಂದು ಕಾಲರನ್ನು ಮೂರನೆಯ ಸಲ ಬಿಚ್ಚಿದಾಗ, ಹುಡುಗಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಕೈಲಿ ಆಗಲ್ಲ ಮಾಸ್ಟ್ರೇ" ಎಂದು ಎದ್ದವಳು ಮೆಟ್ಟಿಲಿಳಿದು ನಡೆದೇಬಿಟ್ಟಳು. ಮನೆ ತಲುಪಿದ ಮೇಲೆ ನೋಡಿಕೊಂಡರೆ ಅಂಗಡಿಯ ಟೇಪು ಕೊರಳಲ್ಲಿ! ತುದಿ ಸವೆದು ಎರಡರಿಂದ ಶುರುವಾಗುವ, ಮಾಸ್ಟರ ಕೈಯ ಟೇಪು. ಹಿಂದಿರುಗಿಸಲು ಇವತ್ತು ಹೋಗಲಿ, ನಾಳೆ ಹೋಗಲಿ ಎಂದು ಮುಖವಿಲ್ಲದೆ ಮುಂದೂಡುತ್ತಾ ಮೂವತ್ತೈದು ವರ್ಷ ಕಳೆದವು.

ಮಾಸ್ಟರನ್ನು ಅವರ ಮಗ ಆ ಮರೆವಿನ ಮನೆಗೆ ಕರೆತಂದ ದಿನ ಟೇಪಮ್ಮ ಮೊಗಸಾಲೆಯಲ್ಲಿ ಪರದೆ ನೇತುಹಾಕುತ್ತಿದ್ದಳು. ಎಂಬತ್ತು ದಾಟಿದ ದೇಹ, ಅದೇ ಕಪ್ಪು ಕೋಟು, ಕೋಟಿನ ಒಂದು ತೋಳು ಭುಜದ ಹತ್ತಿರ ಅರ್ಧ ಬಿಚ್ಚಿ ಜೋಲುತ್ತಿತ್ತು. "ಅಪ್ಪ ಎಲ್ಲಾನೂ ಬಿಚ್ಚಿಬಿಡ್ತಾರೆ" ಎಂದು ಮಗ ದೊಡ್ಡ ಸಿಸ್ಟರಿಗೆ ತಪ್ಪೊಪ್ಪಿಗೆಯಂತೆ ಹೇಳುತ್ತಿದ್ದ. ದೊಡ್ಡ ಸಿಸ್ಟರೆಂದರೆ ಆ ಮನೆಯ ಮೇಲ್ವಿಚಾರಣೆಯ ನರ್ಸು. "ಸೋಫಾ ಕವರು, ದಿಂಬು, ನನ್ನ ಆಫೀಸಿನ ಶರ್ಟು. ಬೈದ್ರೆ ಅಳ್ತಾರೆ. ಮನೇಲಿ ಇಟ್ಕೊಂಡು ನೋಡ್ಕೊಳ್ಳೋಕೆ ನಮ್ಮ ಕೈಲಿ ಇನ್ನು ಆಗಲ್ಲ ಸಿಸ್ಟರ್." ಟೇಪಮ್ಮ ಏಣಿಯಿಂದ ಇಳಿದು ಬಂದು ಮಾಸ್ಟರ ಎದುರು ನಿಂತಳು. "ಮಾಸ್ಟ್ರೇ, ನಾನು ಕಣ್ರೀ. ನಿಮ್ಮ ಅಂಗಡಿ ಹುಡುಗಿ." ಅವರು ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಗಿರಾಕಿಗಳೊಡನೆ ಆಡುವ ಮರ್ಯಾದೆಯ ದನಿಯಲ್ಲಿ, "ಬಟ್ಟೆ ಎಷ್ಟು ಮೀಟರ್ ತಂದಿದ್ದೀಯಮ್ಮಾ?" ಎಂದರು.

ಟೇಪಮ್ಮ ಒಳ್ಳೆಯವಳೇ, ಆದರೆ ಸಂತಳೇನೂ ಅಲ್ಲ. ಮೂವತ್ತೈದು ವರ್ಷ ಮನಸ್ಸಿನಲ್ಲಿ ಕೊರೆಯುತ್ತಿದ್ದ ಒಂದು ಆಸೆ ಅಂದು ಎದ್ದು ಕೂತಿತು: ಇವರ ಕೈಯಿಂದ ಒಂದೇ ಒಂದು ಸಲ ನನ್ನ ಹೊಲಿಗೆ ಬಿಚ್ಚಿಸಿಕೊಳ್ಳದೆ ಪಾಸಾಗಬೇಕು. ಮಾರನೆಯ ದಿನದಿಂದಲೇ ಆಕೆ ತನ್ನ ಕೈಚಳಕವನ್ನೆಲ್ಲ ಸುರಿದು ಹೊಲಿದ ದಿಂಬಿನ ಕವರು, ಮೇಜಿನ ಹೊದಿಕೆಗಳನ್ನು ಒಂದೊಂದಾಗಿ ತಂದು ಅವರ ತೊಡೆಯ ಮೇಲಿಟ್ಟಳು. ಮಾಸ್ಟರು ಹಳೆಯ ರೂಢಿಯಂತೆ ಹೆಬ್ಬೆರಳಿನ ಉಗುರು ಎಳೆದರು. ಅದು ಎಲ್ಲೂ ತಡೆಯಲಿಲ್ಲ. ಅವರು ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಏನು ಮಾಡಬೇಕೆಂದು ತೋಚದವರಂತೆ ಆಕೆಯ ಕೈಗೇ ಹಿಂದಿರುಗಿಸಿ, ಎದ್ದು ಮೊಗಸಾಲೆಯಲ್ಲಿ ತಿರುಗಲು ಹೊರಟುಬಿಟ್ಟರು. ಹೀಗೇ ಒಂದು ವಾರ. ಅವರ ಸುತ್ತಾಟ ಹೆಚ್ಚಾಯಿತು, ಊಟ ಕಡಿಮೆಯಾಯಿತು. ಕೈಗಳು ಮಾತ್ರ ಸುಮ್ಮನಿರದೆ ಕಂಡವರ ಅಂಚು, ತೋಳು, ಪರದೆಗಳನ್ನು ತಡಕತೊಡಗಿದವು. ಒಂದು ಬೆಳಿಗ್ಗೆ ಹಿಂದೊಮ್ಮೆ ಲೈಬ್ರರಿಯಲ್ಲಿ ಕೆಲಸ ಮಾಡಿದ್ದ ಒಬ್ಬ ಅಮ್ಮ ಅವರ ಪಕ್ಕ ಕೂತಿದ್ದರು. ಮಾಸ್ಟರು ಅವರ ನಿಲುವಂಗಿಯ ತೋಳನ್ನು ಸಾವಕಾಶವಾಗಿ ಬಿಚ್ಚುತ್ತಾ ಕೂತರು, ಆಕೆ ಏನೋ ಉಪಚಾರ ನಡೆದಿದೆಯೆಂದು ಸಂತೋಷವಾಗಿ ಕೂತರು. ಟೀ ಗಂಟೆ ಬಾರಿಸಿ ಆಕೆ ಎದ್ದಾಗ ತೋಳು ಅಲ್ಲೇ ಉಳಿಯಿತು. ನಕ್ಕವರು ನಕ್ಕರು, ಆದರೆ ಮಾಸ್ಟರ ಎರಡು ಉಗುರು ಕಿತ್ತು ರಕ್ತ ಬಂದದ್ದು ಆಮೇಲೆ ಕಂಡಿತು.

ಅಂದು ದೊಡ್ಡ ಸಿಸ್ಟರು ಟೇಪಮ್ಮನ ಕೋಣೆಗೆ ತಾವೇ ಬಂದರು. "ಮಾಸ್ಟರಿಗೆ ಎರಡು ಕೈಗವುಸು ಹೊಲಿದುಕೊಡು. ದಪ್ಪ ಬಟ್ಟೇದು. ಬೆರಳು ಬಿಡಿಬಿಡಿ ಬೇಡ. ಮಣಿಕಟ್ಟಿನ ಹತ್ರ ಕಟ್ಟೋ ಹಾಗಿರಲಿ, ಅವರಿಗೆ ಬಿಚ್ಚೋಕೆ ಬರಬಾರದು."

"ಸಿಸ್ಟರ್, ಅವರ ಕೈ ಕಟ್ಟೋದಾ?"

"ನನಗೇನು ಇದು ಖುಷಿನಾ? ಇವತ್ತು ಉಗುರು. ನಾಳೆ ಯಾರದ್ದಾದ್ರೂ ಕತ್ತರಿ ಸಿಕ್ಕಿದ್ರೆ? ಅವರ ಮಗನಿಗೆ ಯಾರು ಉತ್ತರ ಕೊಡ್ತಾರೆ?" ಎಂದ ಸಿಸ್ಟರು ಬಾಗಿಲಲ್ಲಿ ಒಂದು ಕ್ಷಣ ನಿಂತು, "ಬೇರೆ ದಾರಿ ಇದ್ರೆ ಹೇಳು, ಕೇಳ್ತೀನಿ" ಎಂದು ಸೇರಿಸಿ ಹೋದರು. ಟೇಪಮ್ಮನಿಗೆ ಯಾವ ದಾರಿಯೂ ಹೊಳೆಯಲಿಲ್ಲ.

ಗುರುವಿನ ಕೈಗಳ ಅಳತೆ ತೆಗೆದುಕೊಳ್ಳುವ ಪಾಳಿ ಶಿಷ್ಯೆಗೆ ಬಂತು. ಮಾಸ್ಟರು ಕಿಟಕಿಯ ಬಳಿ ಕೂತಿದ್ದರು. "ಕೈ ಕೊಡಿ ಮಾಸ್ಟ್ರೇ" ಎಂದಾಗ ತಕರಾರಿಲ್ಲದೆ ಚಾಚಿದರು. ಆಕೆ ಕೊರಳಿನ ಟೇಪು ತೆಗೆದು, ಕಣ್ಣು ಮಂಜಾಗಿದ್ದರಿಂದ ತುದಿಯನ್ನು ಕಾಣದೆ ಹೇಗೋ ಹಿಡಿದು ಅವರ ಮಣಿಕಟ್ಟಿಗೆ ಸುತ್ತಿದಳು. ತಟ್ಟನೆ ಅವರ ಇನ್ನೊಂದು ಕೈ ಬಂದು ಟೇಪನ್ನು ಸರಿಪಡಿಸಿತು. "ಎರಡರಿಂದ ಹಿಡಿ" ಎಂದರು ಮಾಸ್ಟರು. "ತುದಿ ಹೋಗಿದೆ, ಕಾಣಲ್ವಾ? ಬಂದದ್ದರಲ್ಲಿ ಎರಡು ಕಳಿ." ಶಿಷ್ಯೆಯನ್ನು ಗುರುತಿಸದ ಮನುಷ್ಯ ಟೇಪನ್ನು ಗುರುತಿಸಿದ್ದ. ಟೇಪಮ್ಮ ಎರಡು ಕಳೆದಳು; ಎಷ್ಟು ಬಂತೆಂದು ಬರೆದುಕೊಳ್ಳುವುದನ್ನೇ ಮರೆತು ಎದ್ದು ಬಂದಳು.

ಗವುಸಂತೂ ಹೊಲಿದಳು. ಹೇಗೆ ಹೊಲಿದಳೋ ದೇವರೇ ಬಲ್ಲ. ಕಣ್ಣೀರು ಬಟ್ಟೆಯ ಮೇಲೆ ಬಿದ್ದು, ಎಂದೂ ಎಳೆ ತಪ್ಪದ ಆ ಹೊಲಿಗೆ ಅಂದು ಅಡ್ಡಾದಿಡ್ಡಿ ಹೋಗಿ, ತಿರುವಿನಲ್ಲಿ ಸುಕ್ಕುಗಟ್ಟಿ, ಕೊನೆಯಲ್ಲಿ ಅಂಚನ್ನೇ ಬಿಟ್ಟು ಹೊರಗೆ ಬಿದ್ದಿತ್ತು. ಬಿಚ್ಚಿ ಹೊಲಿಯುವಷ್ಟು ಚೈತನ್ಯ ಆಕೆಗಿರಲಿಲ್ಲ. ಮಾರನೆಯ ಬೆಳಿಗ್ಗೆ ಸಿಸ್ಟರು ಜೊತೆಗಿರುವಾಗ ತೊಡಿಸಿ ನೋಡೋಣವೆಂದು ಒಯ್ದಳು. ಮಾಸ್ಟರು ಗವುಸನ್ನು ಕೈಗೆ ತೊಡಿಸಿಕೊಳ್ಳುವ ಬದಲು ಕೈಯಲ್ಲಿ ತೆಗೆದುಕೊಂಡರು. ತೊಡೆಯ ಮೇಲೆ ಹರವಿ ಉಗುರು ಎಳೆದರು. ಉಗುರು ತಡೆಯಿತು! ವಾರದಿಂದ ಬಾಡಿದ್ದ ಮುಖ ಅರಳಿ, ಹುಬ್ಬು ಗಂಟಿಕ್ಕಿ, ದನಿ ಗಟ್ಟಿಯಾಗಿ, ಅಂಗಡಿಯ ಮಾಸ್ಟರು ಆ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಇದೇನಿದು? ಇದನ್ನ ಹೊಲಿಗೆ ಅಂತಾರಾ? ಯಾರು ಹೊಲಿದಿದ್ದು?"

"ನಾನೇ ಮಾಸ್ಟ್ರೇ."

"ನಾಚಿಕೆ ಆಗಲ್ವಾ ನಿನಗೆ? ಸೂಜಿ ಕೊಡು ಇಲ್ಲಿ."

ಟೇಪಮ್ಮ ಸಿಸ್ಟರ ಮುಖ ನೋಡಿದಳು. ಸಿಸ್ಟರು ತಲೆಯಾಡಿಸಿದರು. ಮೊನೆ ಉಜ್ಜಿ ಮೊಂಡು ಮಾಡಿದ ಒಂದು ದಪ್ಪ ಸೂಜಿ ಬಂತು. ಅವರ ಕೈಗಳನ್ನು ಕಟ್ಟಬೇಕೆಂದು ಹೊಲಿದ ಗವುಸುಗಳನ್ನು ಅವರೇ ಒಂದೊಂದು ಹೊಲಿಗೆಯಾಗಿ ಬಿಚ್ಚಿ, ದಾರದ ಎಳೆಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಬರಿಯ ನಾಲ್ಕು ತುಂಡು ಬಟ್ಟೆ ಮಾಡಿ ಎಡಗಡೆಗೆ ಎಸೆಯುವ ಹೊತ್ತಿಗೆ ಊಟದ ಸಮಯವಾಗಿತ್ತು. ಅಷ್ಟೂ ಹೊತ್ತು ಎದ್ದಿರಲಿಲ್ಲ, ತಡಕಾಡಿರಲಿಲ್ಲ. ಅಂದು ತಟ್ಟೆ ಖಾಲಿ ಮಾಡಿ ಇನ್ನೂ ಸ್ವಲ್ಪ ಬೇಕೆಂದು ಕೇಳಿದರು. "ಸಿಸ್ಟರ್, ಬೇರೆ ದಾರಿ ಇದ್ರೆ ಹೇಳು ಅಂದಿದ್ರಲ್ಲ" ಎಂದಳು ಟೇಪಮ್ಮ. ಸಿಸ್ಟರು ಆ ನಾಲ್ಕು ತುಂಡುಗಳನ್ನು ಆಯ್ದು ಆಕೆಯ ಕೈಗಿಟ್ಟು, "ಮತ್ತೆ ಹೊಲಿ. ಇವತ್ತಿನಷ್ಟೇ ಕೆಟ್ಟದಾಗಿ ಹೊಲಿ" ಎಂದರು.

ಹೇಳಿದಷ್ಟು ಸುಲಭವೇ ಅದು? ಕೆಟ್ಟದಾಗಿ ಹೊಲಿಯಲು ಕೂತರೆ ಆಕೆಯ ಕೈ ಕೇಳಲೊಲ್ಲದು. ಕಣ್ಣು ಮುಚ್ಚಿಕೊಂಡಳು, ಎಡಗೈಯಲ್ಲಿ ತಳ್ಳಿದಳು, ಬಟ್ಟೆ ಒಗೆಯುವವನೊಡನೆ ಹರಟೆ ಹೊಡೆಯುತ್ತಾ ತುಳಿದಳು; ಹಾಳು ಹೊಲಿಗೆ ನೆಟ್ಟಗೇ ಬರುತ್ತಿತ್ತು. ಸಿಟ್ಟಿನಿಂದ ಬೇಕೆಂದೇ ಹಾವು ಹರಿದ ಹಾಗೆ ಹೊಲಿದು ಕೊಟ್ಟರೆ ಮಾಸ್ಟರು ನೋಡಿ, "ತಮಾಷೆ ಮಾಡ್ತಿದ್ದೀಯಾ?" ಎಂದು ಮುಟ್ಟದೆ ಬಿಟ್ಟರು. ಅವರಿಗೆ ಬೇಕಾದದ್ದು ಕಲಿಯುವವಳ ಪ್ರಾಮಾಣಿಕ ತಪ್ಪು. ಆಗ ಟೇಪಮ್ಮ ಹದಿನೈದು ವರ್ಷದ ಆ ಹುಡುಗಿ ಎಲ್ಲೆಲ್ಲಿ ಎಡವುತ್ತಿದ್ದಳೆಂದು ಕೂತು ಜ್ಞಾಪಿಸಿಕೊಂಡಳು. ತಿರುವಿನಲ್ಲಿ ಅವಸರ, ಮೂಲೆಯಲ್ಲಿ ಹೆದರಿಕೆ, ಕೊನೆಯ ನಾಲ್ಕು ಬೆರಳಿನಗಲದಲ್ಲಿ ಮುಗಿಯಿತಲ್ಲ ಎಂಬ ಮೈಮರೆವು. ಅವೇ ತಪ್ಪುಗಳನ್ನು ದಿನವೂ ಸಂಜೆ ಮನೆಗೆ ಹೊರಡುವ ಮುಂಚೆ ಎಂಟು ತುಂಡು ಬಟ್ಟೆಯ ಮೇಲೆ ಹೊಲಿದಿಟ್ಟು ಹೋಗುವಳು. ಬೆಳಿಗ್ಗೆ ಮಾಸ್ಟರು ಬೈಯುತ್ತಾ ಬಿಚ್ಚುವರು. ಅವರ ಎಡಗಡೆ ಒಂದು ಬುಟ್ಟಿ ಇಟ್ಟಳು, ಬಲಗಡೆ ಒಂದು ಸ್ಟೂಲು. ಬುಟ್ಟಿ ತುಂಬುತ್ತಿತ್ತು. ಸ್ಟೂಲು ಖಾಲಿಯಿರುತ್ತಿತ್ತು.

ಆಕೆಯನ್ನು ನಿಜವಾಗಿ ಸುಡುತ್ತಿದ್ದದ್ದು ಬೈಗುಳವಲ್ಲ, ಒಂದು ಪ್ರಶ್ನೆ. ಬಿಚ್ಚುವುದರ ನಡುವೆ ಮಾಸ್ಟರು ತಲೆಯೆತ್ತಿ, "ಯಾರಮ್ಮಾ ನಿನಗೆ ಕಲಿಸಿದ್ದು?" ಎಂದು ಕೇಳುವರು. ಮೊದಲ ಸಲ ಕೇಳಿದಾಗ ಆಕೆ ಸಲಿಗೆಯಿಂದ, "ನೀವೇ ಮಾಸ್ಟ್ರೇ, ಏಳು ವರ್ಷ" ಎಂದುಬಿಟ್ಟಿದ್ದಳು. ಅವರ ಕೈ ನಿಂತಿತು. "ನಾನಾ? ಇದನ್ನ ನಾನು ಕಲಿಸಿದ್ದಾ?" ಎಂದು ಆ ಸೊಟ್ಟ ಹೊಲಿಗೆಯನ್ನು ನೋಡಿದರು, ತಮ್ಮ ಕೈಗಳನ್ನು ನೋಡಿಕೊಂಡರು. "ಅಯ್ಯೋ, ಎಷ್ಟು ಜನರ ಬಟ್ಟೆ ಹಾಳು ಮಾಡಿದ್ನಪ್ಪಾ" ಎಂದು ಅಳಲು ಶುರುಮಾಡಿದವರು ಅಂದು ಅನ್ನ ಮುಟ್ಟಲಿಲ್ಲ. ಟೇಪಮ್ಮ ಕೆನ್ನೆಗೆ ಹೊಡೆದುಕೊಂಡಳು. ನೆಟ್ಟಗೆ ಹೊಲಿದರೆ ಅವರ ಕೈಗೆ ಕೆಲಸವಿಲ್ಲ. ಸೊಟ್ಟ ಹೊಲಿದರೆ ಅವರು ನನ್ನ ಗುರು ಎಂದು ಹೇಳಿಕೊಳ್ಳುವ ಹಾಗಿಲ್ಲ. ಆಮೇಲೆ ಆ ಪ್ರಶ್ನೆ ಬಂದಾಗಲೆಲ್ಲ ಆಕೆಯ ಉತ್ತರ ಒಂದೇ. "ಯಾರೂ ಕಲಿಸಿಲ್ಲ, ಅಲ್ಲಿ ಇಲ್ಲಿ ನೋಡ್ಕೊಂಡು ಕಲ್ತೆ." ಮಾಸ್ಟರು ಸಮಾಧಾನದಿಂದ, "ಅದಕ್ಕೇ ಹೀಗಿದೆ" ಎನ್ನುವರು.

ಒಂದೇ ಒಂದು ದಿನ ಬೇರೇನೋ ಯೋಚನೆಯಲ್ಲಿದ್ದವಳು, "ಒಬ್ಬರು ಮಾಸ್ಟರು ಇದ್ರು" ಎಂದು ಜಾರಿಬಿಟ್ಟಳು. "ಅವನಿಗೇ ಏನೂ ಬರ್ತಿರಲಿಲ್ಲ ಅನ್ಸುತ್ತೆ" ಎಂದರು ಮಾಸ್ಟರು. ಟೇಪಮ್ಮನಿಗೆ ರೇಗಿಹೋಯಿತು. "ನನಗೇನು ಬೇಕಾದ್ರೂ ಅನ್ನಿ. ಅವರನ್ನ ಮಾತ್ರ ಏನೂ ಅನ್ನಬೇಡಿ!" ಮುದುಕರು ಸೂಜಿ ಕೆಳಗಿಟ್ಟು ಆಕೆಯನ್ನು ಸಾವಕಾಶವಾಗಿ ನೋಡಿ, "ಗುರುವಿನ ಮೇಲೆ ಅಷ್ಟು ಅಭಿಮಾನ ಇದ್ರೆ ನೆಟ್ಟಗೆ ಹೊಲಿಯಮ್ಮಾ" ಎಂದರು. ಆಕೆ ಇಸ್ತ್ರಿ ಕೋಣೆಗೆ ಹೋಗಿ ಹಬೆಯ ನಡುವೆ ಒಂದಿಷ್ಟು ಹೊತ್ತು ಅತ್ತು, ಮುಖ ತೊಳೆದುಕೊಂಡು ಬಂದು, ಸಂಜೆ ಮತ್ತೆ ಎಂಟು ತುಂಡು ಸೊಟ್ಟಗೆ ಹೊಲಿದಿಟ್ಟಳು.

ತಪಾಸಣೆಗೆಂದು ಒಬ್ಬ ಅಧಿಕಾರಿ ಬಂದಾಗಿನ ಪ್ರಸಂಗವನ್ನು ಆ ಮನೆಯವರು ಇಂದಿಗೂ ಹೇಳಿಕೊಂಡು ನಗುತ್ತಾರೆ. ಆತ ಮಾಸ್ಟರ ಬುಟ್ಟಿಯಿಂದ ಒಂದು ತುಂಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನ್ರೀ ಸಿಸ್ಟರ್, ನಿಮಗೆ ಇದಕ್ಕಿಂತ ಒಳ್ಳೇ ಟೇಲರ್ ಸಿಗಲಿಲ್ವಾ?" ಎಂದ. ಸಿಸ್ಟರು ವಿವರಿಸಲು ಬಾಯಿ ತೆರೆದರು. ಮಾಸ್ಟರು ಪಕ್ಕದಲ್ಲೇ ಕೂತಿದ್ದರಿಂದ ಟೇಪಮ್ಮ ಬೇಡವೆಂದು ಕಣ್ಣಲ್ಲೇ ಬೇಡಿಕೊಂಡಳು. "ಕಲೀತಾ ಇದ್ದೀನಿ ಸಾರ್" ಎಂದು ಐವತ್ತೇಳು ವರ್ಷದ ಆಕೆ ತಲೆ ತಗ್ಗಿಸಿ ಹೇಳಿದಳು. ಅಧಿಕಾರಿಯ ನಗೆ ಇನ್ನೂ ಮುಗಿದಿರಲಿಲ್ಲ, ಮಾಸ್ಟರು ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತರು. "ಕಲೀತಾಳೆ ಬಿಡ್ರೀ. ನಾನಿದ್ದೀನಲ್ಲ" ಎಂದು ಗದರಿದರು. ಆ ಅಧಿಕಾರಿ ತುಂಡನ್ನು ಬುಟ್ಟಿಯಲ್ಲಿ ಹಾಕಿ ಮುಂದಿನ ಕೋಣೆಗೆ ನಡೆದ. ಹಳೆಯ ಅಂಗಡಿಯಲ್ಲಿ ಗಿರಾಕಿಯ ಎದುರಿಗೆ ಕಾಲರು ಬಿಚ್ಚಿದ ಅದೇ ಮನುಷ್ಯ ಇಂದು ಪರರ ಎದುರು ತನ್ನ ಪರವಾಗಿ ನಿಂತರಲ್ಲ ಎಂದು ಟೇಪಮ್ಮ ಅಂದೆಲ್ಲ ನೆನೆಯುತ್ತಾ ಓಡಾಡಿದಳು.

ಹದಿನಾಲ್ಕು ತಿಂಗಳು ಹೀಗೆ ನಡೆಯಿತು. ಆಮೇಲೆ ಮಾಸ್ಟರ ಕೈ ಸೋಲತೊಡಗಿತು. ಎಂಟು ತುಂಡಿನದು ನಾಲ್ಕಾಯಿತು, ನಾಲ್ಕು ಒಂದಾಯಿತು, ಕಡೆಗೆ ಸೂಜಿ ಬೆರಳುಗಳ ಸಂದಿಯಿಂದ ಜಾರಿ ಬೀಳುತ್ತಿತ್ತು. ಮಾತೂ ವಾರಕ್ಕೆ ನಾಲ್ಕಾರು. ಉಗುರು ಮಾತ್ರ ತನ್ನ ಬುದ್ಧಿ ಬಿಟ್ಟಿರಲಿಲ್ಲ. ಬಟ್ಟೆ ತೊಡೆಯ ಮೇಲೆ ಬಂದರೆ ಹೊಲಿಗೆಯ ಮೇಲೆ ಹರಿದು ತಪ್ಪಿನ ಜಾಗದಲ್ಲಿ ನಿಲ್ಲುವುದು. ಬಿಚ್ಚಬೇಕು, ಬಿಚ್ಚಲಾಗದು. ಅವರು ಅಲ್ಲೇ ಉಗುರೂರಿ ಮತ್ತೆ ಮತ್ತೆ ಕೆರೆಯುತ್ತಾ ಸಣ್ಣಗೆ ನರಳುತ್ತಿದ್ದರು. ಆಯಾಗಳು ಇದು ನೋವಿನ ನರಳಿಕೆಯೆಂದು ಮಾತ್ರೆಯ ಮಾತಾಡಿದರು. ಟೇಪಮ್ಮ ಆ ಉಗುರು ನಿಂತ ಜಾಗವನ್ನು ನೋಡಿದಳು. "ಇನ್ನು ಸೊಟ್ಟ ಹೊಲಿದು ಅವರ ಮುಂದಿಡೋದು ಪಾಪ ಸಿಸ್ಟರ್" ಎಂದಳು.

ಮಾರನೆಯ ಮಧ್ಯಾಹ್ನ ಆಕೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಹೊಸ ಸೂಜಿ ಹಾಕಿ, ಬಿಳಿಯ ಬಟ್ಟೆ ತೆಗೆದುಕೊಂಡು ಕೂತಳು. ಹೊಗಳಿಸಿಕೊಳ್ಳುವ ಆಸೆಯಿಂದ ಹೊಲಿದ ಆ ಮೊದಲ ವಾರದ ಹೊಲಿಗೆಯಲ್ಲ ಇದು. ಅವರ ಉಗುರಿಗೆ ಎಲ್ಲಿಯೂ ನೋವಾಗಬಾರದೆಂದು ಹೊಲಿದದ್ದು. ಆದರೂ ವರ್ಷವಿಡೀ ತಪ್ಪಿಗೆ ಪಳಗಿಸಿದ ಕೈಯಲ್ಲವೇ, ತಿರುವು ಬಂದಾಗ ತಾನಾಗಿ ಅವಸರಪಡಲು ನೋಡಿತು. ಆಕೆಯೇ ಎರಡು ಸಲ ಬಿಚ್ಚಿ, ಮೂರನೆಯ ಸಲ ಹೊಲಿದು ಮುಗಿಸಿ, ತಂದು ಮಾಸ್ಟರ ತೊಡೆಯ ಮೇಲೆ ಹರವಿ, ನೆಲದ ಮೇಲೆ ಅವರ ಕಾಲ ಬಳಿ ಕೂತಳು.

ಹೆಬ್ಬೆರಳಿನ ಉಗುರು ಈ ತುದಿಯಿಂದ ಹೊರಟಿತು. ತಿರುವು ದಾಟಿತು. ಮೂಲೆ ದಾಟಿತು. ಕೊನೆಯ ನಾಲ್ಕು ಬೆರಳಿನ ಜಾಗ ಬಂತು. ಅದೂ ದಾಟಿ ಉಗುರು ಅಂಚಿಗೆ ಬಂದು ನಿಂತಿತು. ಮಾಸ್ಟರು ನಂಬಲಿಲ್ಲ. ಇನ್ನೊಮ್ಮೆ ಎಳೆದರು, ಬಟ್ಟೆ ಮಗುಚಿ ಮತ್ತೊಮ್ಮೆ ಎಳೆದರು. ನರಳಿಕೆ ನಿಂತಿತ್ತು. ಬಹಳ ದಿನದಿಂದ ಮಾತಾಡದಿದ್ದ ತುಟಿಗಳು ಅಲುಗಿ, ಗೊಗ್ಗರು ದನಿಯಲ್ಲಿ, ಬೈಯುವ ಸ್ವರದಲ್ಲಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕೆಂಬ ಸ್ವರದಲ್ಲಿ, ಆ ಪ್ರಶ್ನೆಯೇ ಬಂತು.

"ಯಾರು ಕಲಿಸಿದ್ದು?"

"ನೀವೇ ಮಾಸ್ಟ್ರೇ" ಎಂದಳು ಟೇಪಮ್ಮ. ಹದಿನಾಲ್ಕು ತಿಂಗಳು ನಾಲಗೆಯ ತುದಿಯಲ್ಲಿ ಕಟ್ಟಿಟ್ಟ ಮಾತು ಅದು.

"ಅದೇ ಅಂದ್ಕೊಂಡೆ" ಎಂದರು ಮಾಸ್ಟರು. ಆಮೇಲೆ ಆ ಬಟ್ಟೆಯನ್ನು ಸೋತ ಕೈಗಳಲ್ಲಿ ಎರಡು ಮಡಿಕೆ ಮಾಡಿ, ಒಂದು ಮಾತೂ ಆಡದೆ, ಬಲಗಡೆಯ ಸ್ಟೂಲಿನ ಮೇಲೆ ಇಟ್ಟರು.

ಟೇಪಮ್ಮ ಎದ್ದು ಕೊರಳಿನ ಟೇಪು ತೆಗೆದು ಮಾಸ್ಟರ ಕೊರಳಿಗೆ ಹಾಕಿದಳು, ಕೋಟಿನ ಎರಡೂ ಕಡೆ ಸಮನಾಗಿ ಇಳಿಬಿಟ್ಟಳು. ಅವರು ಅದರ ಸವೆದ ತುದಿಯನ್ನು ಹಿಡಿದುಕೊಂಡೇ ಕೂತಿದ್ದರು. ಬಲಗಡೆ ಬಂದ ಬಟ್ಟೆ ಇಸ್ತ್ರಿಗೆ ಹೋಗಬೇಕೆಂಬುದು ಆ ಅಂಗಡಿಯ ಕಾನೂನು. ಆಕೆ ಅದನ್ನು ತೆಗೆದುಕೊಂಡು ಹೋಗಿ ಇಸ್ತ್ರಿ ಹಾಕಿದಳು. ಮಾಸ್ಟರು ಇನ್ನು ಇಪ್ಪತ್ತು ದಿನ ಇದ್ದರು. ಅವರು ಹೋದ ಮೇಲೆ ಅವರ ಮಗ ಆ ಟೇಪನ್ನು ತಂದು, "ಇದು ನಿಮ್ಮದಂತೆ" ಎಂದು ಆಕೆಯ ಕೈಗಿಟ್ಟಾಗ, "ನನ್ನದಲ್ಲಪ್ಪಾ, ನಿಮ್ಮ ಅಂಗಡೀದು" ಎಂದು ಮೂವತ್ತೈದು ವರ್ಷದ ಕಳ್ಳತನವನ್ನು ಒಪ್ಪಿಕೊಂಡಳು. ಆತ ನಕ್ಕು, "ಹಾಗಾದ್ರೆ ಅಂಗಡಿ ನಡೆಸ್ತಿರೋರ ಹತ್ರಾನೇ ಇರಲಿ" ಎಂದ.

ಕೈಗೆ ಬಂದ ವಿದ್ಯೆಯನ್ನು ಮೆರೆಸಿ ದೊಡ್ಡವರಾದವರನ್ನು ಲೋಕ ಬಲ್ಲ; ಅವರಿಗೆ ಹಾರ ತುರಾಯಿಗಳಿಗೂ ಕೊರತೆಯಿಲ್ಲ. ಇನ್ನೊಬ್ಬರ ಕೈಗೆ ಕೆಲಸ ಉಳಿಯಲಿ ಎಂದು ತಮ್ಮ ವಿದ್ಯೆಯನ್ನು ಮಡಚಿಟ್ಟು, ಬಾರದವರಂತೆ ನಟಿಸಿ, ನಕ್ಕವರ ನಗೆಯನ್ನು ನುಂಗಿಕೊಂಡು ಬದುಕುವ ಜಾತಿಯೊಂದಿದೆ. ಅವರ ದೊಡ್ಡತನವೆಲ್ಲ ಹೊಲಿಗೆಯ ಒಳಗೆ ಮಡಚಿಟ್ಟ ಆ ಒಂದಿಂಚಿನಲ್ಲಿರುತ್ತದೆ. ಹೊರಗೆ ನಿಂತು ನೋಡುವವರಿಗೆ ಕಾಣುವುದಿಲ್ಲ, ಯಾರಿಗೋ ಬಟ್ಟೆ ಬಿಗಿಯಾದ ದಿನ ಮಾತ್ರ ಅದು ಬಿಚ್ಚಿಕೊಂಡು ಮೈ ಮುಚ್ಚುತ್ತದೆ. ಟೇಪಮ್ಮ ಈಗಲೂ ಆ ಮನೆಯಲ್ಲಿ ಜೇಬು ಹೊಲಿಯುತ್ತಿದ್ದಾಳೆ. ಹೊಸದಾಗಿ ಬಂದವರ ಕೈಗಳನ್ನು ಮೊದಲು ನೋಡುತ್ತಾಳೆ, ಟೇಪನ್ನು ಎರಡರಿಂದ ಹಿಡಿಯುತ್ತಾಳೆ, ಬಂದದ್ದರಲ್ಲಿ ಎರಡು ಕಳೆಯುತ್ತಾಳೆ.